ಪದವಿಯ ಬಾಗಿಲಲ್ಲಿ ಅಕ್ಷರದ ಬಡತನ

ಪ್ರತಿ ವರ್ಷ ಮಳೆಗಾಲ ಮೊದಲಾಗುತ್ತಲೆ ಸಿದ್ದಾಪುರದ ಸುತ್ತಣ ಹಳ್ಳಿಗಳ ಮಕ್ಕಳು ಕಾರಟಗಿ, ಗಂಗಾವತಿಗಳ ಕಾಲೇಜುಗಳ ಕಡೆಗೆ ಬಸ್ಸು ಹತ್ತುತ್ತಾರೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ತುಳಿಯುವವರು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ತಂದೆತಾಯಿಗಳು ಭತ್ತ ನಾಟಿ ಮಾಡಿ ಗಳಿಸಿದ ಕೂಲಿಯೇ ಅವರ ಶುಲ್ಕ. ಸಂತೋಷಪಡಬೇಕಾದ ದೃಶ್ಯವಿದು. ಆದರೆ ಇವರಲ್ಲಿ ಎಷ್ಟೋ ಮಂದಿ ಒಂದು ಪುಟವನ್ನು ಓದಿ ಅದರ ತಾತ್ಪರ್ಯವನ್ನು ಸ್ವಂತ ಮಾತಿನಲ್ಲಿ ಬರೆಯಲಾರರೆಂಬುದನ್ನು ಅಧ್ಯಾಪಕರೂ ಬಲ್ಲರು, ಪಾಲಕರೂ ಬಲ್ಲರು. ಬಾಯಿಬಿಟ್ಟು ಹೇಳುವವರು ಮಾತ್ರ ವಿರಳ.

ಕೇಳಿದರೆ ಕಾಲೇಜು ಪ್ರೌಢಶಾಲೆಯನ್ನು ದೂರುತ್ತದೆ. ಪ್ರೌಢಶಾಲೆ ಪ್ರಾಥಮಿಕ ಶಾಲೆಯನ್ನು. ಪ್ರಾಥಮಿಕ ಶಾಲೆಯು ನಿರಕ್ಷರಿಗಳಾದ ತಂದೆತಾಯಿಗಳನ್ನು. ದೂರು ಹೀಗೆ ಮೆಟ್ಟಿಲಿಳಿಯುತ್ತಿರುವಾಗ ವಿದ್ಯಾರ್ಥಿ ಮಾತ್ರ ಮಾರ್ಗದರ್ಶಿ ಪುಸ್ತಕಗಳನ್ನು ಕಂಠಪಾಠ ಮಾಡಿ ಮೆಟ್ಟಿಲೇರಿ ಪದವೀಧರನಾಗುತ್ತಾನೆ.

ಈ ಬಡತನಕ್ಕೆ ಇತಿಹಾಸವೂ ಉಂಟು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಆಳಿಕೆಯಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ ನಡೆಯಿತು. ಮನೆಯಲ್ಲಿ ಕನ್ನಡವಾಡುವವನು ಉಚ್ಚ ಶಿಕ್ಷಣದಲ್ಲಿ ಮೂಕನಾದನು. ಕಲಬುರಗಿಗೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ಕೊಪ್ಪಳ ಜಿಲ್ಲೆಯದು 68.09 ಮಾತ್ರ. 371(ಜೆ) ವಿಧಿಯು ನಮ್ಮ ಮಕ್ಕಳಿಗೆ ನೌಕರಿಯ ಬಾಗಿಲನ್ನು ತೆರೆದಿದೆ ನಿಜ. ಆದರೆ ಬಾಗಿಲೊಳಗೆ ಪರೀಕ್ಷೆಯ ಹಾಳೆಯೊಂದು ಕಾದಿರುತ್ತದೆ. ಅದನ್ನು ವಿಧಿಯು ತುಂಬಿಕೊಡಲಾರದು.

ಆದರೂ ಈ ಮಕ್ಕಳು ದಡ್ಡರೆಂಬ ಮಾತನ್ನು ನಾವು ಒಪ್ಪುವುದಿಲ್ಲ. 1970ರಲ್ಲಿ ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯವು ಬಡವರ ಮಕ್ಕಳಿಗೂ ಬಾಗಿಲು ತೆರೆದಾಗ ಇದೇ ಗೋಳು ಅಲ್ಲಿಯೂ ಎದ್ದಿತು. ಮೀನಾ ಶಾಗ್ನೆಸ್ಸಿ ಎಂಬ ಅಧ್ಯಾಪಕಿ ಅಂಥ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ, ತಪ್ಪುಗಳಿಗೂ ಒಂದು ಕ್ರಮವಿದೆ, ಕಾರಣವಿದೆ ಎಂದು 1977ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿಯೂ ಹಾಗೆಯೇ. 'ವಿಧ್ಯಾರ್ಥಿ' ಎಂದು ಬರೆಯುವ ಹುಡುಗನ ಆಡುನುಡಿಯಲ್ಲಿ ಮಹಾಪ್ರಾಣವಿಲ್ಲ. ಬರಹದಲ್ಲಿ ಅದು ಎಲ್ಲಿಯೋ ಇರಬೇಕೆಂದು ಬಲ್ಲನಾಗಿ ಊಹಿಸಿ ಇಡುತ್ತಾನೆ. 'ಮಾಡ್ಯಾರ' ಎಂದು ಬರೆಯುವವಳು ತನ್ನ ತಾಯಿಯ ಕನ್ನಡವನ್ನು ನಿಷ್ಠೆಯಿಂದ ಬರೆದಿದ್ದಾಳೆ. ಅವಳಿಗೆ ಬೇಕಾದುದು ಹೀಯಾಳಿಕೆಯಲ್ಲ. ಆಡುವ ನುಡಿಗೂ ಗ್ರಂಥದ ನುಡಿಗೂ ಇರುವ ದಾರಿಯನ್ನು ತೋರಿಸುವ ಗುರು.

ಕಾಲೇಜಿನ ಮೆಟ್ಟಿಲು ಹತ್ತದ ನಾವು ಕಾಲೇಜಿಗೆ ಬುದ್ಧಿ ಹೇಳುವುದು ಉದ್ಧಟತನವೆನಿಸಬಹುದು. ಆದರೆ ಪಾಠಶಾಲೆಯಲ್ಲಿ ನಮಗೆ ಅಕ್ಷರ ಬಂದ ಬಗೆಯನ್ನು ನಾವು ಮರೆತಿಲ್ಲ: ಗಟ್ಟಿಯಾಗಿ ಓದಿಸಿದರು, ಬರೆಯಿಸಿದರು, ತಿದ್ದಿದರು, ತಿದ್ದಿದ್ದನ್ನು ಮತ್ತೆ ಬರೆಯಿಸಿದರು. ಪದವಿಯ ಮೊದಲ ವರ್ಷದಲ್ಲಿ ದಿನಕ್ಕೊಂದು ತಾಸು ಇದಕ್ಕೆ ಮೀಸಲಾಗತಕ್ಕದ್ದು. ಇತಿಹಾಸವಾಗಲಿ ವಾಣಿಜ್ಯವಾಗಲಿ, ಪ್ರತಿಯೊಬ್ಬ ಅಧ್ಯಾಪಕನೂ ವಾರಕ್ಕೊಂದು ಪುಟ ಬರೆಯಿಸಿ ತಿದ್ದತಕ್ಕದ್ದು. ಹಿಂದುಳಿದವರೆಂದು ಬೇರೆ ಬೆಂಚಿನ ಮೇಲೆ ಕೂಡಿಸಿ ಮಾನಗೆಡಿಸಕೂಡದು.

ಇದಕ್ಕೆ ಸರಕಾರದ ಕರ್ತವ್ಯವೂ ಇದೆ. ಸರಕಾರಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರನ್ನು ನೆಚ್ಚಿ ನಡೆದಿವೆ. ಬರುವ ವರ್ಷ ತಾನಿರುವೆನೋ ಇಲ್ಲವೋ ಎಂದು ಅರಿಯದವನು ನೂರು ಪುಟಗಳನ್ನು ತಿದ್ದಲು ಯಾವ ಉತ್ಸಾಹದಿಂದ ಕುಳಿತಾನು? ಗುರುವಿಗೆ ನೆಲೆ ಕೊಡದೆ ಶಿಷ್ಯನಿಗೆ ವಿದ್ಯೆ ಬೇಡುವುದು ನ್ಯಾಯವಲ್ಲ.

ಗದ್ದೆಯ ಕೆಸರಿನಲ್ಲಿ ನಿಂತ ತಾಯಿಗೆ ಮಗಳ ಪದವಿಪತ್ರವನ್ನು ಓದಲು ಬಾರದು. ಮಗಳಿಗೂ ಬಾರದಂತೆ ಮಾಡಿದರೆ ಆ ತಾಯಿಗೆ ಮೋಸ ಮಾಡಿದಂತಾಗುವುದು. ಮೋಸ ಮಾಡಿದವರಲ್ಲಿ ನಾವೆಲ್ಲರೂ ಸೇರುತ್ತೇವೆ.