ಉಸಿರಾಟದ ಕಾಯಿಲೆ ಇದ್ದವರಿಗೆ ಜೀವ ವಿಮೆ ಸಿಗುತ್ತಾ?

ಮೊನ್ನೆ ರಾಜಗೋಪಾಲನಗರ ಮುಖ್ಯರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಪಕ್ಕದ ಬೀದಿಯ ಗೆಳತಿ ಸಿಕ್ಕಿದಳು. ಕೈಯಲ್ಲೊಂದು ವಿಮೆ ಅರ್ಜಿ. ಅವಳ ಗಂಡನಿಗೆ ಈಗ ನಲವತ್ತೆಂಟು. ಪೀಣ್ಯದ ಫೌಂಡ್ರಿಯೊಂದರಲ್ಲಿ ಹದಿನೆಂಟು ವರ್ಷದಿಂದ ಗ್ರೈಂಡಿಂಗ್ ಕೆಲಸ. ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಜೇಬಿನಲ್ಲಿ ಸದಾ ಇನ್ಹೇಲರ್. ಡಾಕ್ಟರು ಹೇಳಿದ ಹೆಸರು ಸಿಒಪಿಡಿ. ಶ್ವಾಸನಾಳಗಳು ಕಿರಿದಾಗುತ್ತಾ ಹೋಗಿ, ಒಳಗೆ ಎಳೆದುಕೊಂಡ ಗಾಳಿ ಸರಾಗವಾಗಿ ಹೊರಗೆ ಬರದಂತಾಗುವ ಕಾಯಿಲೆ ಇದು.

"ಇನ್ಹೇಲರ್ ವಿಷಯ ಬರೀಬೇಡಿ, ಯಾರು ನೋಡ್ತಾರೆ ಅಂತಾನೆ ಕಣೇ ಏಜೆಂಟು. ಬರೆದ್ರೆ ಪಾಲಿಸಿನೇ ಸಿಗಲ್ವಂತೆ. ಏನ್ಮಾಡ್ಲಿ?" ಅಂದಳು.

ರಸ್ತೆಯಲ್ಲಿ ನಿಂತು ಉತ್ತರಿಸುವ ಪ್ರಶ್ನೆ ಅದಲ್ಲ. ಅವಳೊಬ್ಬಳದೂ ಅಲ್ಲ. ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಸುತ್ತಮುತ್ತ ಎರಕ, ವೆಲ್ಡಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್ ಅಂತ ದೂಳು, ಹೊಗೆಯ ನಡುವೆ ದುಡಿಯುವವರ ಮನೆಗಳು ಎಷ್ಟಿಲ್ಲ? ಬೀಡಿ ಮುಟ್ಟದ ನಮ್ಮ ಅಮ್ಮಂದಿರಿಗೂ ಸೌದೆ ಒಲೆ ಊದಿ ಊದಿಯೇ ಈ ಕಾಯಿಲೆ ಬಂದದ್ದುಂಟು.

ತೆರಿಗೆ ಹೋಯಿತು, ಪ್ರಶ್ನೆ ಉಳಿಯಿತು

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿ ರದ್ದಾಗಿದೆ. ಟರ್ಮ್ ಪಾಲಿಸಿಗೆ ಅದು ಶೇ 18ರಷ್ಟಿತ್ತು. ಆದ್ದರಿಂದಲೇ ಈಗ ಏಜೆಂಟರ ಓಡಾಟ ಜಾಸ್ತಿ. ಒಳ್ಳೆಯದೇ. ಆದರೆ ಕಾಯಿಲೆಯವರಿಗೆ ಅಡ್ಡಿಯಾಗಿದ್ದು ತೆರಿಗೆಯಲ್ಲ, ಅರ್ಜಿಯಲ್ಲಿರುವ ಆರೋಗ್ಯದ ಪ್ರಶ್ನೆಗಳು. ಅವು ಹಾಗೇ ಇವೆ.

ಮುಚ್ಚಿಟ್ಟರೆ ಏನಾಗುತ್ತೆ?

ವಿಮಾ ಕಾಯ್ದೆಯ 45ನೇ ಸೆಕ್ಷನ್ನಿಗೆ 2015ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷ ಕಳೆದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. "ಮೂರು ವರ್ಷ ತಳ್ಳಿದರೆ ಸಾಕು" ಎಂದು ಕೆಲವರು ಹೇಳುವುದು ಇದನ್ನೇ ಹಿಡಿದು. ಆದರೆ ಆ ಮೂರು ವರ್ಷದೊಳಗೆ ಏನಾದರೂ ಆದರೆ? ನಡುವೆ ಕಂತು ತಪ್ಪಿ ಪಾಲಿಸಿ ನಿಂತು, ಮತ್ತೆ ಚಾಲೂ ಮಾಡಿಸಿದರೆ ಲೆಕ್ಕ ಮೊದಲಿನಿಂದ ಶುರು ಎನ್ನುವುದನ್ನು ಅವರು ಹೇಳುವುದೇ ಇಲ್ಲ.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಹೀಗಿದೆ. 2014ರ ಆಗಸ್ಟ್‌ನಲ್ಲಿ ಪಾಲಿಸಿ ಮಾಡಿಸಿದ ವ್ಯಕ್ತಿ ಮರುತಿಂಗಳೇ ತೀರಿಕೊಂಡರು. ಹಳೆಯ ಕಾಯಿಲೆಯನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಆಸ್ಪತ್ರೆ ದಾಖಲೆಯಿಂದ ಅದು ಹೊರಬಿತ್ತು. ಕ್ಲೇಮು ತಿರಸ್ಕರಿಸಿದ್ದು ಸರಿ ಎಂದಿತು ಕೋರ್ಟು.

ಯೋಚಿಸಿ ನೋಡಿ. ಅರ್ಜಿಗೆ ಸಹಿ ಹಾಕುವವರು ಗಂಡ. ಕ್ಲೇಮಿನ ದಿನ ಉತ್ತರ ಹೇಳಬೇಕಾದವಳು ಹೆಂಡತಿ. ಅಷ್ಟು ಹೊತ್ತಿಗೆ ಏಜೆಂಟನ ಫೋನು ಸ್ವಿಚ್ ಆಫ್ ಆಗಿರಬಹುದು!

ನಿಜ ಬರೆದರೆ ಬಾಗಿಲು ಮುಚ್ಚುತ್ತಾ?

ಯಾವಾಗಲೂ ಇಲ್ಲ. ಕಾಯಿಲೆಯ ಹೆಸರಿಗಿಂತ ಅದು ಎಷ್ಟು ಮುಂದುವರಿದಿದೆ ಎಂಬುದು ಕಂಪನಿಗೆ ಮುಖ್ಯ. ಅದನ್ನು ತಿಳಿಯಲು ಇರುವುದು ಸ್ಪೈರೋಮೆಟ್ರಿ, ಅಂದರೆ ಕೊಳವೆಯೊಂದಕ್ಕೆ ಜೋರಾಗಿ ಊದುವ ಪರೀಕ್ಷೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅಳೆಯುತ್ತಾರೆ. ಸಿಒಪಿಡಿ ಇದ್ದವರಲ್ಲಿ ಅದು ಇರಬೇಕಾದುದರ ಶೇ 80ಕ್ಕಿಂತ ಹೆಚ್ಚಿದ್ದರೆ ಸೌಮ್ಯ, 50ರಿಂದ 79 ಮಧ್ಯಮ, 50ಕ್ಕಿಂತ ಕೆಳಗೆ ತೀವ್ರ. ಇದರ ಜೊತೆಗೆ ಬೀಡಿ ಸಿಗರೇಟು ಇದೆಯೇ, ಇತ್ತೀಚೆಗೆ ಆಸ್ಪತ್ರೆಗೆ ಸೇರಿದ್ದರೇ, ಮನೆಯಲ್ಲಿ ಆಮ್ಲಜನಕ ಬೇಕಾಗುತ್ತಿದೆಯೇ ಎಂದೂ ನೋಡುತ್ತಾರೆ.

ಹತೋಟಿಯಲ್ಲಿರುವ ಆಸ್ತಮಾಕ್ಕೆ ಮಾಮೂಲಿ ಕಂತಿನಲ್ಲೇ ಪಾಲಿಸಿ ಸಿಗುವುದುಂಟು. ಸೌಮ್ಯ ಅಥವಾ ಮಧ್ಯಮ ಸಿಒಪಿಡಿಗೆ ಹೆಚ್ಚುವರಿ ಕಂತು ಹಾಕಬಹುದು, ಕೆಲವು ತಿಂಗಳು ಬಿಟ್ಟು ಬನ್ನಿ ಎನ್ನಬಹುದು. ತೀವ್ರವಾಗಿದ್ದರೆ ಬಹುಪಾಲು ತಿರಸ್ಕಾರವೇ. ಒಂದು ಎಚ್ಚರಿಕೆ: ಒಂದು ಕಂಪನಿ ತಿರಸ್ಕರಿಸಿದರೆ ಮುಂದಿನ ಕಂಪನಿಯ ಅರ್ಜಿಯಲ್ಲಿ ಅದನ್ನೂ ಹೇಳಬೇಕಾಗುತ್ತದೆ. ಹಾಗಾಗಿ ನಾಲ್ಕು ಕಡೆ ಒಟ್ಟಿಗೇ ಅರ್ಜಿ ಎಸೆಯುವ ಬದಲು, ವರದಿ ತೋರಿಸಿ ಮೊದಲು ವಿಚಾರಿಸಿ.

ಉಸಿರಿನ ಬಗ್ಗೆ ಕೇಳದ ವಿಮೆಗಳು

ಪಾಲಿಸಿಗೆ ಪರದಾಡುವ ಮುಂಚೆ ಈಗಾಗಲೇ ಮನೆಯಲ್ಲಿರುವುದನ್ನು ಎಣಿಸಿಕೊಳ್ಳಿ.

ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೆ ಅದರ ಜೊತೆಗೇ ಇಡಿಎಲ್‌ಐ ಎಂಬ ವಿಮೆ ಇರುತ್ತದೆ. 1976ರ ಯೋಜನೆ ಇದು. ಕಾರ್ಮಿಕರು ಪೈಸೆ ಕಟ್ಟಬೇಕಿಲ್ಲ, ಮಾಲೀಕರೇ ಕಟ್ಟುತ್ತಾರೆ. ಕೆಲಸದಲ್ಲಿರುವಾಗ ಯಾವ ಕಾರಣಕ್ಕೆ ತೀರಿಕೊಂಡರೂ ಕುಟುಂಬಕ್ಕೆ ಹಣ ಬರುತ್ತದೆ. 2021ರಿಂದ ಗರಿಷ್ಠ 7 ಲಕ್ಷ ರೂಪಾಯಿ. ಸತತ ಹನ್ನೆರಡು ತಿಂಗಳು ದುಡಿದವರಿಗೆ ಕನಿಷ್ಠ ಎರಡೂವರೆ ಲಕ್ಷ. ಆರೋಗ್ಯದ ಪ್ರಶ್ನೆಯೇ ಇಲ್ಲ. ನನ್ನ ಗೆಳತಿಗೆ ಇದರ ಹೆಸರೇ ಗೊತ್ತಿರಲಿಲ್ಲ!

ಎರಡನೆಯದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. 2015ರಲ್ಲಿ ಬಂತು. 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ, ವಿಮೆ 2 ಲಕ್ಷ. ಬ್ಯಾಂಕ್ ಅಥವಾ ಅಂಚೆ ಖಾತೆ ಸಾಕು, ವೈದ್ಯಕೀಯ ತಪಾಸಣೆ ಇಲ್ಲ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ. ಆದರೆ 50 ತುಂಬುವುದರೊಳಗೆ ಸೇರಬೇಕು, ಸೇರಿದರೆ 55ರವರೆಗೆ ಮುಂದುವರಿಸಬಹುದು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾವನ್ನು ಇದೇ ಅಂದುಕೊಳ್ಳಬೇಡಿ. ಅದು ಅಪಘಾತಕ್ಕೆ ಮಾತ್ರ.

ಮೂರನೆಯದು ಇಎಸ್‌ಐ. ಫೌಂಡ್ರಿ ಮರಳಿನ ದೂಳಿನಿಂದ ಬರುವ ಸಿಲಿಕೋಸಿಸ್ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಹಾಗೆಂದು ಸಾಬೀತಾದರೆ ಬದುಕಿರುವಾಗ ಅಂಗವೈಕಲ್ಯ ಪರಿಹಾರ ಸಿಗುತ್ತದೆ. ಅದರಿಂದಲೇ ಸಾವು ಬಂದರೆ ಅವಲಂಬಿತರಿಗೆ ಸರಾಸರಿ ಕೂಲಿಯ ಶೇ 90ರ ಲೆಕ್ಕದಲ್ಲಿ ಪಿಂಚಣಿ. ಆದ್ದರಿಂದ "ಕೆಮ್ಮು, ದಮ್ಮು" ಎಂದಷ್ಟೇ ಹೇಳಿ ಬರಬೇಡಿ. ಏನು ಕೆಲಸ, ಎಷ್ಟು ವರ್ಷದಿಂದ ಎಂಬುದನ್ನು ಡಾಕ್ಟರ ದಾಖಲೆಯಲ್ಲಿ ಬರೆಸಿ.

ಕೆಲಸ ಬಿಡುವ ಮುನ್ನ

ತೊಡಕು ಇರುವುದು ಇಲ್ಲೇ. ಪ್ರಶ್ನೆ ಕೇಳದ ದೊಡ್ಡ ವಿಮೆ ನೌಕರಿಗೆ ಅಂಟಿಕೊಂಡಿದೆ. ಆದರೆ ಈ ಕಾಯಿಲೆ ಮೊದಲು ಕಸಿಯುವುದೇ ನೌಕರಿಯನ್ನು. ಗೆಳತಿಯ ಗಂಡ ಕೆಲಸ ಬಿಟ್ಟು ಸಣ್ಣ ಅಂಗಡಿ ಇಡುವ ಯೋಚನೆಯಲ್ಲಿದ್ದಾರೆ. ಬಿಟ್ಟರೆ ಇಡಿಎಲ್‌ಐ ಆಸರೆಯೂ ಹೋಗುತ್ತದೆ. ಹಾಗಂತ ವಿಮೆಗೋಸ್ಕರ ದೂಳು ಕುಡಿಯಿರಿ ಎನ್ನಲು ಬಾಯಿ ಬರುತ್ತಾ? ಅದೇ ಕಂಪನಿಯ ಸ್ಟೋರ್ಸ್, ಪ್ಯಾಕಿಂಗ್ ಕಡೆಗೆ ಬದಲಿಸಿಕೊಡಿ ಎಂದು ಮೊದಲು ಕೇಳಿ ನೋಡಬಹುದು. ದೂಳೂ ತಪ್ಪುತ್ತದೆ, ಪಿಎಫ್ಫೂ ಮುಂದುವರಿಯುತ್ತದೆ. ಬಿಡಲೇಬೇಕೆಂದರೆ ಅದಕ್ಕೆ ಮುಂಚೆಯೇ ಜೀವನ್ ಜ್ಯೋತಿಗೆ ಸೇರಿ, ನಿಜ ಬರೆದು ವೈಯಕ್ತಿಕ ಪಾಲಿಸಿಗೆ ಪ್ರಯತ್ನಿಸಬೇಕು.

ನೆನಪಿಡಿ

* ಖಾಲಿ ಅರ್ಜಿಗೆ ಸಹಿ ಬೇಡ. ಇಂಗ್ಲಿಷ್ ಅರ್ಜಿಯಾದರೆ ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಸಿಕೊಳ್ಳಿ.
* ಪಾಲಿಸಿ ಕೈಗೆ ಬಂದಾಗ ಜೊತೆಗಿರುವ ಅರ್ಜಿಯ ಪ್ರತಿ ಓದಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು.
* ಸ್ಪೈರೋಮೆಟ್ರಿ, ಎಕ್ಸ್-ರೇ ವರದಿಗಳನ್ನು ಒಂದೇ ಫೈಲಿನಲ್ಲಿಡಿ.
* ಪಿಎಫ್ ನಾಮಿನಿ ಯಾರು ಎಂದು ಇವತ್ತೇ ನೋಡಿ. ಮದುವೆಗೆ ಮುಂಚೆ ಕೊಟ್ಟ ಹೆಸರಿದ್ದರೆ ಹೊಸದಾಗಿ ಮಾಡಿಸಿ.
* ಜೀವನ್ ಜ್ಯೋತಿಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿರಲಿ.
* ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಆಮೇಲೂ ನ್ಯಾಯ ಸಿಗದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಗೆಳತಿಗೆ ಹೇಳಿದ್ದೂ ಇಷ್ಟೇ: "ಇನ್ಹೇಲರ್ ವಿಷಯ ಬರಿ. ಕಂತು ನಾಲ್ಕು ಕಾಸು ಜಾಸ್ತಿಯಾದ್ರೂ ಆಗ್ಲಿ, ನಾಳೆ ನಿನ್ನ ಕೈಗೆ ಬರಬೇಕಾದ ದುಡ್ಡಿಗೆ ಯಾರೂ ಬೆರಳು ತೋರಿಸಬಾರದು." ಜೀವನ್ ಜ್ಯೋತಿಗೆ ಸೇರಲು ಅವಳ ಗಂಡನಿಗೆ ಇನ್ನು ಉಳಿದಿರುವುದು ಎರಡೇ ವರ್ಷ. ನಾಳೆ ಬೆಳಿಗ್ಗೆ ಇಬ್ಬರೂ ಬ್ಯಾಂಕಿಗೆ ಹೊರಟಿದ್ದಾರೆ.