ಹಿಡಿದ ಮೀನನ್ನು ಬಿಡುವುದಂತೆ!

ಮುಂಬಯಿಗೆ ಬಂದು ಮೂವತ್ತೆರಡು ವರ್ಷವಾದರೂ ನಾನು ಕುಂದಾಪುರದವನೇ. ಗಾಳ ಹಾಕುವುದು ರಾತ್ರಿಯ ಗಸಿಗೆ, ಅಷ್ಟೇ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿರುವ ಮಗ, "ಅಪ್ಪಯ್ಯ, ಬಾಸ್ ಮೀನು ಹಿಡಿಯಲು ಹೋಗುವ, ಆದರೆ ಹಿಡಿದದ್ದನ್ನು ಬಿಡಬೇಕು" ಎಂದ. "ಬಿಡೂದಾರೆ ಹಿಡೂದ್ ಎಂತಕ್ಕೆ ಮಾರಾಯಾ?" ಎಂದೆ.

ಹೋದದ್ದು ಕೆನಡಾ ಗಡಿಯ ಬೌಂಡರಿ ವಾಟರ್ಸ್ ಕಾಡಿಗೆ. ಸಾವಿರಕ್ಕೂ ಹೆಚ್ಚು ಕೆರೆಗಳು, ಹೆಚ್ಚಿನವುಗಳಲ್ಲಿ ಮೋಟಾರು ಬೋಟಿಗೆ ಪ್ರವೇಶವಿಲ್ಲ. ಕನೂ ಎಂಬ ಹಗುರ ದೋಣಿ, ಎರಡು ಹುಟ್ಟು. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನೇ ಕವುಚಿ ಹೆಗಲ ಮೇಲೆ ಹೊತ್ತು ನಡೆಯಬೇಕು. (ಹೊತ್ತದ್ದು ಮಗ. ನಾನು ಚೀಲ ಮಾತ್ರ!) ಬರ್ಚ್ ಮರಗಳ ಎಲೆ ಹಳದಿಗೆ ತಿರುಗಿತ್ತು. ನೀರು ತಣ್ಣಗಾಗತೊಡಗಿದರೆ ಬಾಸ್ ಚಳಿಗಾಲಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲು ಬಂಡೆಗಳ ಬದಿಯಲ್ಲಿ ಸಿಗಡಿಯಂಥ ಕ್ರೇಫಿಶ್ ಹುಡುಕುತ್ತದೆ.

ನನಗೆ ಸಿಕ್ಕಿದ್ದು ಒಂದೇ. ಕಂಚಿನ ಬಣ್ಣದ್ದು, ನೀರಿಂದ ಛಂಗನೆ ಹಾರಿತು, ದೋಣಿ ವಾಲಿತು. ಮಗ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ಚಳಿನೀರಿನಲ್ಲಿ ಇಷ್ಟು ದೊಡ್ಡದಾಗಲು ವರ್ಷಗಟ್ಟಲೆ ಬೇಕಂತೆ. ಇರಬಹುದು. ಆದರೆ ಆಟಕ್ಕೆಂದು ಬಾಯಿ ಚುಚ್ಚಿ ಕಳಿಸುವುದು ದಯೆ ಎಂದು ನಾನಿನ್ನೂ ಒಪ್ಪಿಲ್ಲ. ತಿನ್ನುವಷ್ಟು ಹಿಡಿದು ಗಾಳ ಸುತ್ತಿಡುವುದೇ ಸರಿ.

ಆದರೂ ಇನ್ನೊಮ್ಮೆ ಕರೆದರೆ ಹೋಗುತ್ತೇನೆ. ಅವನು ಸಣ್ಣವನಿದ್ದಾಗ ನಾನು ಹೋಟೆಲು ಮುಚ್ಚಿ ಮನೆಗೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದ. ನಾಲ್ಕು ಗಂಟೆ ಇಬ್ಬರೇ ಕೂತದ್ದು ಅದೇ ಮೊದಲು. ಫೋನಿಗೆ ಸಿಗ್ನಲ್ಲಿಲ್ಲ, ಎದ್ದು ಹೋಗಲು ಜಾಗವಿಲ್ಲ.

ರಾತ್ರಿ ಮ್ಯಾಗಿ ತಿಂದೆವು.