ಡ್ರಮ್ಮು ಮುಳುಗಿಸುವ ಮುನ್ನ

ಹತ್ತನೇ ತರಗತಿಯ ಹುಡುಗನೊಬ್ಬ ಒಂದು ಸಂಜೆ ನೋಟ್‌ಬುಕ್ ಹಿಡಿದು ಮನೆಗೆ ಬಂದ. ನಿಡಘಟ್ಟದ ಗುಜರಿಯಲ್ಲಿ 200 ಲೀಟರಿನ ಎಣ್ಣೆ ಡ್ರಮ್ಮು ನೋಡಿಟ್ಟಿದ್ದಾನಂತೆ. ಅದರೊಳಗೆ ಕುಳಿತು ಕೆರೆಯ ತಳ ನೋಡಿ ಬರಬೇಕಂತೆ. "ಲೆಕ್ಕ ಹಾಕಿವ್ನಿ ಸಾ, ಎಂಬತ್ತೆಂಟು ಮೀಟ್ರು ತಡೀತದೆ" ಎಂದ. ನಮ್ಮ ಕೆರೆಯ ಆಳ ಹೆಚ್ಚೆಂದರೆ ಮೂರಾಳು.

ಲೆಕ್ಕ ನೋಡಿದೆ. ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಅದನ್ನು ಡ್ರಮ್ಮಿನ ತ್ರಿಜ್ಯದಿಂದ ಗುಣಿಸಿ ತಗಡಿನ ದಪ್ಪದಿಂದ ಭಾಗಿಸಿದರೆ ತಗಡು ಹೊರಬೇಕಾದ ಭಾರ ಸಿಗುತ್ತದೆ. ತ್ರಿಜ್ಯ 28.5 ಸೆಂ.ಮೀ., ತಗಡು 1 ಮಿ.ಮೀ.; ಸಾಧಾರಣ ಉಕ್ಕು ಚದರ ಮಿಲಿಮೀಟರಿಗೆ 25 ಕಿಲೋವರೆಗೆ ತಾಳುತ್ತದೆ. ಉತ್ತರ 88 ಮೀಟರ್. ರೈಟ್ ಹಾಕಿ ಕಳಿಸಿಬಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಗುಣಾಕಾರ ಸರಿ, ಸೂತ್ರವೇ ಸಾಲದು! ತೆಂಗಿನ ಪೊರಕೆಯ ಕಡ್ಡಿಯನ್ನು ಎಳೆದು ನೋಡಿ, ತುಂಡಾಗುವುದಿಲ್ಲ. ಎರಡು ತುದಿಯಿಂದ ಒತ್ತಿ, ಬಿಲ್ಲಿನಂತೆ ಬಾಗುತ್ತದೆ. ಹೊರಗಿನಿಂದ ಒತ್ತಿದ ತೆಳು ತಗಡೂ ಹಾಗೆಯೇ. ಉಕ್ಕಿನ ಶಕ್ತಿ ಮುಗಿಯುವ ಮೊದಲೇ ಮಡಚಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಡ್ರಮ್ಮಿನ ಉದ್ದವೂ ಸೇರಬೇಕು. ಸೇರಿಸಿದೆ. ಮೈಮೇಲಿನ ಎರಡು ಉಬ್ಬು ಬಳೆಗಳನ್ನು ಬಿಟ್ಟರೆ, ಉತ್ತರ 4 ಮೀಟರ್ ಚಿಲ್ಲರೆ. ಬಳೆಗಳಿಂದ ಬಲ ಹೆಚ್ಚುವುದು ನಿಜ. ಆದರೆ ಗುಜರಿ ಡ್ರಮ್ಮಿನ ಒಂದೊಂದು ನಗ್ಗೂ ಆ ಲಾಭವನ್ನು ತಿಂದುಹಾಕುತ್ತದೆ. ಇನ್ನು ಚಪ್ಪಟೆ ಮುಚ್ಚಳ: 4 ಮೀಟರಿನಲ್ಲಿ ಅದರ ಮೇಲೆ ಕೂರುವ ನೀರಿನ ಭಾರ ಒಂದು ಟನ್!

ಮರುದಿನ ಲ್ಯಾಬಿನಲ್ಲಿ ತಗಡಿನ ಡಬ್ಬಕ್ಕೆ ಸ್ವಲ್ಪ ನೀರು ಹಾಕಿ ಕುದಿಸಿ, ಒಲೆಯಿಂದಿಳಿಸಿ ಬಿರಡೆ ಬಿಗಿದು, ತಣ್ಣೀರು ಸುರಿದೆ. ಒಳಗಿನ ಆವಿ ನೀರಾಯಿತು, ಹೊರಗಿನ ಗಾಳಿಯೇ ಡಬ್ಬವನ್ನು ಹಿಂಡಿ ಮುದ್ದೆ ಮಾಡಿತು. ಹುಡುಗ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಟೈಟಾನಿಕ್ ನೋಡಲು ಹೊರಟ 'ಟೈಟನ್' 2023ರ ಜೂನ್ 18ರಂದು ಒಳಕುಸಿದು ಐವರು ಸತ್ತರು. ಅದರ ಸಿಲಿಂಡರ್ ಇಂಗಾಲದ ನಾರಿನದು. ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಅಷ್ಟು ನಂಬಲಾಗದ ವಸ್ತು. ಹೊರಗಿನ ಯಾವ ಸಂಸ್ಥೆಯೂ ಅದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ನಮ್ಮವರ 'ಮತ್ಸ್ಯ 6000' ನೋಡಿ. ಮೂವರು ಕೂರುವ ಗೋಳ, ಒಳವ್ಯಾಸ 2.1 ಮೀಟರ್, ಟೈಟಾನಿಯಂ ಮಿಶ್ರಲೋಹದ ಗೋಡೆ 80 ಮಿ.ಮೀ. ದಪ್ಪ. ಗೋಳವೇ ಏಕೆ? ಅದೇ ತ್ರಿಜ್ಯದ ಸಿಲಿಂಡರಿಗಿಂತ ಗೋಡೆಯ ಮೇಲಿನ ಭಾರ ಅರ್ಧ. 6000 ಮೀಟರಿನಲ್ಲಿ ಚದರ ಮಿಲಿಮೀಟರಿಗೆ ಸುಮಾರು 40 ಕಿಲೋ ಬೀಳುತ್ತದೆ. ಲೋಹ ತಾಳುವುದು ಅದರ ಎರಡರಷ್ಟು. ಅದರ ಎರಡು ಅರ್ಧಗೋಳಗಳ ಬೆಸುಗೆಗೆ ಇಸ್ರೋದ ಎಲೆಕ್ಟ್ರಾನ್ ಕಿರಣ ಬೇಕಾಯಿತು, ಗುಜರಿಯಲ್ಲಿ ಸಿಗುವುದಲ್ಲ.

ಹುಡುಗನ ನೋಟ್‌ಬುಕ್ ತರಿಸಿ ನನ್ನ ರೈಟನ್ನು ನಾನೇ ಹೊಡೆದುಹಾಕಿದೆ. ಅವನು ಸುಮ್ಮನಿರುವವನೇ? "ಒಳಗಡೆ ಇನ್ನಷ್ಟು ಬಳೆ ಬೆಸೆದ್ರೆ ಸಾ?" ಎಂದ. ಪ್ರಶ್ನೆ ಸರಿಯಾಗಿತ್ತು. ಬಳೆಗಳ ನಡುವಿನ ಅಂತರ ಅರ್ಧವಾದರೆ ಬಲ ಎರಡರಷ್ಟು; ತಗಡಿನ ದಪ್ಪ ಎರಡರಷ್ಟಾದರೆ ಬಲ ಐದೂವರೆ ಪಟ್ಟಿಗೂ ಹೆಚ್ಚು.

"ಮಾಡು, ಆದರೆ ಒಳಗೆ ನೀನಿರಬಾರದು. ಮುಳುಗುವಷ್ಟು ಕಲ್ಲು ಹೇರಿ, ಹಗ್ಗ ಕಟ್ಟಿ ಇಳಿಸು" ಎಂದೆ. ಕಲ್ಲು ಹೊರುವುದಕ್ಕೆ ಆಳು ಹುಡುಕುತ್ತಿದ್ದಾನೆ.